"ಸೈನ್ಸ್ ಬರಲ್ಲ" ಅನ್ನೋ ಮಾತು ಬಾಯಿಗೆ ಬರೋಕ್ ಮುಂಚೆ: 3ರಿಂದ 8 ವರ್ಷದ ಮಕ್ಕಳಿರೋ ಮನೆಗಳಿಗೆ

ಜೂನ್ ತಿಂಗಳು, ಸ್ಕೂಲ್ ಶುರುವಾಗಿ ಒಂದು ವಾರ ಆಗಿತ್ತು ಅಷ್ಟೇ. 8ನೇ ಕ್ಲಾಸಿಗೆ ಹೊಸದಾಗಿ ಬಂದ ಒಂದು ಹುಡುಗಿಗೆ ಸುಮ್ನೆ ಒಂದು ಪ್ರಶ್ನೆ ಕೇಳ್ದೆ, ಎದ್ದು ನಿಂತ್ಕೊಂಡು "ಮಿಸ್ ನಂಗೆ ಸೈನ್ಸ್ ಬರಲ್ಲ" ಅಂದ್ಲು. ನಾನಿನ್ನೂ ಪಾಠನೇ ಶುರು ಮಾಡಿರ್ಲಿಲ್ಲ. ಅವತ್ತು ಸಂಜೆ ಅವಳನ್ನ ಕೂರಿಸ್ಕೊಂಡು ಮನೆ ವಿಷ್ಯ ಮಾತಾಡಿಸ್ದೆ, ಹಾಸನ ತಾಲೂಕಿನ ಹಳ್ಳಿ, ಮನೇಲಿ ಆಲೂಗಡ್ಡೆ ಹಾಕಿದಾರೆ. ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗಡ್ಡೆ ತಂದ್ರೆ ಎಷ್ಟು ದಿನ ನೆರಳಲ್ಲಿ ಹರಡ್ಬೇಕು, ಕತ್ತರಿಸುವಾಗ ಒಂದೊಂದು ಹೋಳಲ್ಲೂ ಕಣ್ಣು ಇರ್ಬೇಕು, ಹೋಳು ತೇವ ಇದ್ದಾಗ್ಲೇ ನೆಟ್ರೆ ಕೊಳೆಯುತ್ತೆ, ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ್ರೆ ಅಂಗಮಾರಿ ರೋಗ ಬರುತ್ತೆ, ಎಲ್ಲಾ ಹೇಳಿದ್ಲು, ಒಂದೇ ಉಸಿರಲ್ಲಿ. ಇದೆಲ್ಲಾ ಸೈನ್ಸ್ ಕಣಮ್ಮ ಅಂದ್ರೆ ನಂಬ್ಲಿಲ್ಲ. "ಇದು ಹೊಲದ್ದು ಮಿಸ್" ಅಂದ್ಲು.

ಅವಳಿಗೆ ತಿಳುವಳಿಕೆ ಇತ್ತು, ಧೈರ್ಯ ಇರ್ಲಿಲ್ಲ. ಆ ಧೈರ್ಯ ಹೈಸ್ಕೂಲಲ್ಲಿ ಕಳ್ಕೊಂಡಿದ್ದಲ್ಲ, ಅದಕ್ಕೂ ಎಷ್ಟೋ ವರ್ಷ ಮುಂಚೆ ಹೋಗಿತ್ತು. ಆಮೇಲಿಂದ ನಾನು ಪಕ್ಕದ ಅಂಗನವಾಡಿಗೆ, ನಮ್ಮಕ್ಕನ ಮಗನ ಎಲ್‌ಕೆಜಿಗೆ ಹೋಗಿ ಕೂತು ನೋಡೋಕೆ ಶುರು ಮಾಡ್ದೆ, ಸಿಕ್ಕಿದ್ದೆಲ್ಲಾ ಓದ್ದೆ. ಮನೇಲಿ ಏನ್ ಮಾಡ್ಬಹುದು ಅಂತ ತುಂಬಾ ತಾಯಂದಿರು ಕೇಳ್ತಾ ಇರ್ತಾರೆ, ಅವರಿಗೋಸ್ಕರ ಇದನ್ನ ಬರೀತಾ ಇದೀನಿ.

ಮೊದ್ಲು ಎರಡು ವಿಷ್ಯ ಹೇಳ್ಬಿಡ್ತೀನಿ. ಅಮೆರಿಕದಲ್ಲಿ 7,700ಕ್ಕೂ ಜಾಸ್ತಿ ಮಕ್ಕಳನ್ನ ಕಿಂಡರ್‌ಗಾರ್ಟನ್‌ನಿಂದ 8ನೇ ಕ್ಲಾಸ್ ತನಕ ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2016ರಲ್ಲಿ ಬಂತು, ಅದರಲ್ಲಿ ಗೊತ್ತಾಗಿದ್ದು ಏನಂದ್ರೆ ಸೈನ್ಸಲ್ಲಿ ಯಾರು ಮುಂದೆ ಯಾರು ಹಿಂದೆ ಅನ್ನೋ ಅಂತರ 5-6 ವರ್ಷಕ್ಕೇ ಕಾಣುತ್ತೆ, ಸುತ್ತಲಿನ ಪ್ರಪಂಚದ ಬಗ್ಗೆ ಮಗುಗೆ ಆಗ ಎಷ್ಟು ಗೊತ್ತಿತ್ತು ಅನ್ನೋದರ ಮೇಲೆ ಮುಂದಿನ ಕ್ಲಾಸುಗಳ ಸೈನ್ಸ್ ಬಹಳಷ್ಟು ನಿಂತಿರುತ್ತೆ. ಇದು ಕಲಿಕೆ ಲೆಕ್ಕ. ಧೈರ್ಯದ ಲೆಕ್ಕ ಬೇರೆ. ಆಲ್ಬರ್ಟ್ ಬಂಡೂರ ಅನ್ನೋ ಮನಶ್ಶಾಸ್ತ್ರಜ್ಞ 1977ರಲ್ಲೇ ಹೇಳಿದ್ರು, ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ ಹುಟ್ಟೋ ದಾರಿ ನಾಲ್ಕು ಇದಾವೆ, ಅದ್ರಲ್ಲಿ ಎಲ್ಲಕ್ಕಿಂತ ಗಟ್ಟಿ ಅಂದ್ರೆ ಸ್ವಂತ ಕೈಯಾರೆ ಮಾಡಿ ಗೆದ್ದ ಅನುಭವ ಅಂತ. ಬೇರೆಯವ್ರು ಹೊಗಳಿದ್ರೆ ಬರೋದು ಅಷ್ಟು ದಿನ ನಿಲ್ಲಲ್ಲ. ಅಂದ್ಮೇಲೆ ನಾವು ಮಾಡ್ಬೇಕಾಗಿರೋದು ಒಂದೇ, 3ರಿಂದ 8 ವರ್ಷದೊಳಗೆ "ನಾನು ಊಹೆ ಮಾಡ್ದೆ, ನೋಡ್ದೆ, ಕಂಡುಹಿಡಿದೆ" ಅನ್ನೋ ಅನುಭವ ಮಗುಗೆ ನೂರಾರು ಸಲ ಸಿಗೋ ಹಂಗೆ ಮಾಡೋದು.

1. ಸೇರಿಸೋ ಮುಂಚೆ ಅರ್ಧ ಗಂಟೆ ಹೋಗಿ ಕೂತ್ಕೊಳ್ಳಿ

ಅಂಗನವಾಡಿ ಆಗ್ಲಿ, ಸರ್ಕಾರಿ ಎಲ್‌ಕೆಜಿ ಆಗ್ಲಿ, ಕಾನ್ವೆಂಟ್ ಆಗ್ಲಿ, ಬಿಲ್ಡಿಂಗ್ ಪೇಂಟ್ ನೋಡಿ ತೀರ್ಮಾನ ಮಾಡ್ಬೇಡಿ. ಬೆಳಿಗ್ಗೆ 11 ಗಂಟೆ ಹೊತ್ತಿಗೆ ಹೋಗಿ, ಪರ್ಮಿಷನ್ ಕೇಳ್ಕೊಂಡು ಒಂದು ಮೂಲೇಲಿ ಕೂತು ಬರೀ ಕಿವಿ ಕೊಡಿ. ಮಕ್ಕಳ ದನಿ ಜಾಸ್ತಿ ಕೇಳುತ್ತಾ ಮಿಸ್ ದನಿ ಜಾಸ್ತಿ ಕೇಳುತ್ತಾ? ಮಕ್ಕಳು ಏನಾದ್ರೂ ಕೇಳಿದ್ರೆ ಮಿಸ್ ಏನಂತಾರೆ? ಮರಳು, ನೀರು, ಬೀಜ, ಕಟ್ಟಿಗೆ ಬ್ಲಾಕು, ಎಲೆ ಇಂಥವು ಮಕ್ಕಳ ಕೈಗೆ ಎಟುಕೋ ಹಂಗಿದಾವಾ ಇಲ್ಲ ಬೀರು ಒಳಗೆ ಬೀಗ ಹಾಕಿಟ್ಟಿದಾರಾ?

ಅಂಗನವಾಡಿ ಅಂದ್ರೆ ಮೂಗು ಮುರಿಯೋರಿಗೆ ಒಂದು ಮಾತು. ಅಂಗನವಾಡಿಗಳು ನಡೆಯೋದು 1975ರ ಅಕ್ಟೋಬರ್ 2ಕ್ಕೆ ಶುರುವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಕೆಳಗೆ, ಅದ್ರಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡೋದು ಮೊದಲಿನಿಂದ್ಲೂ ಇದೆ, ಊಟ ಹಾಕೋದು ಒಂದೇ ಅಲ್ಲ. ರಾಜಸ್ಥಾನ, ಅಸ್ಸಾಂ, ತೆಲುಗು ಸೀಮೆ ಹಳ್ಳಿಗಳಲ್ಲಿ ಮಕ್ಕಳನ್ನ 4ನೇ ವರ್ಷದಿಂದ 8ನೇ ವರ್ಷದ ತನಕ ನೋಡಿದ ನಮ್ಮ ದೇಶದ್ದೇ ದೊಡ್ಡ ಅಧ್ಯಯನ 2017ರಲ್ಲಿ ಹೇಳಿದ್ದೂ ಅದನ್ನೇ, ಅಂಗನವಾಡಿ ಆಗ್ಲಿ ಪ್ರೈವೇಟ್ ಆಗ್ಲಿ, ಬಹಳಷ್ಟು ಕಡೆ ಆ ವಯಸ್ಸಿಗೆ ಬೇಕಾದ ಆಟ ಮಾತು ಕಥೆ ಸಿಗ್ತಾ ಇಲ್ಲ, ಎಲ್ಲಿ ಒಳ್ಳೇದು ಸಿಕ್ಕಿತೋ ಅಲ್ಲಿ ಮಕ್ಕಳು ಶಾಲೆಗೆ ಹೆಚ್ಚು ತಯಾರಾಗಿ ಹೋದ್ರು. ಹಂಗಾಗಿ ಫೀಸ್ ನೋಡ್ಬೇಡಿ, ಒಳಗೆ ಏನ್ ನಡೀತಿದೆ ಅದನ್ನ ನೋಡಿ.

ನಮ್ಮಕ್ಕನ ಮಗ ನಾಲ್ಕು ವರ್ಷದೋನು, ದಿನಾ 1ರಿಂದ 50 ಬರ್ಕೊಂಡು ಬಾ ಅಂತ ಹೋಮ್‌ವರ್ಕ್, ಬೆರಳು ನೋವು ಅಂತ ಅಳೋದು. ಆ ಸ್ಕೂಲ್ ಹೆಸರು ಬೇಡ ಬಿಡಿ, ಅಂಥವು ಬೇಕಾದಷ್ಟಿದಾವೆ. ಹೊಸ ಶಿಕ್ಷಣ ನೀತಿ 2020ರಲ್ಲೂ, 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟಿನಲ್ಲೂ 3ರಿಂದ 8 ವರ್ಷ ಅಂದ್ರೆ ಒಂದೇ ಹಂತ, ಅಲ್ಲಿ ಕಲಿಕೆ ಆಟದ ಮೂಲಕನೇ ಆಗ್ಬೇಕು ಅಂತ ಸ್ಪಷ್ಟವಾಗಿದೆ. ಪೇರೆಂಟ್ಸ್ ಮೀಟಿಂಗಲ್ಲಿ ಇದನ್ನ ಧೈರ್ಯವಾಗಿ ಹೇಳಿ. ಮಗು ಯಾವಾಗ ಬರಿಯುತ್ತೆ ಅಂತ ಕೇಳೋ ಬದಲು ಯಾವಾಗ ನೀರಾಟ ಆಡಿಸ್ತೀರಾ ಅಂತ ಕೇಳಿ.

2. ಯೋಚನೆ ಮನೆ ಭಾಷೇಲಿ ಆಗ್ಲಿ

ಮಗು ಮನೇಲಿ ಕನ್ನಡ ಮಾತಾಡಿದ್ರೆ ಕನ್ನಡ, ಉರ್ದು ಆದ್ರೆ ಉರ್ದು, ಸಕಲೇಶಪುರ ಕಡೆ ಕಾಫಿ ತೋಟದ ಕೆಲಸಗಾರರ ಲೈನ್ ಮನೆ ಮಕ್ಕಳು ತಮಿಳು ಮಾತಾಡ್ತವೆ, ಅವಕ್ಕೆ ತಮಿಳು. ಮುಳುಗ್ತು, ತೇಲ್ತು, ಕರಗ್ತು, ಹೆಪ್ಪುಗಟ್ತು, ಸೀದು ಹೋಯ್ತು, ಉಬ್ತು, ಇಂಗ್ತು ಇವೆಲ್ಲಾ ಅಡುಗೆಮನೇಲಿ ಹಿತ್ತಲಲ್ಲಿ ದಿನಾ ಬರೋ ಮಾತು, ಹೈಸ್ಕೂಲ್ ಸೈನ್ಸ್ ಬುಕ್ಕಲ್ಲಿ ಅರ್ಧಕ್ಕರ್ಧ ಇವೇ ಇರೋದು. ಆ ಮಾತುಗಳನ್ನ ಮಗು ಆಡೋಕೆ ಬಿಡಿ. "ಫ್ಲೋಟ್ ಅನ್ನು, ಸಿಂಕ್ ಅನ್ನು" ಅಂತ ನಡುವೆ ತಡೆದ್ರೆ ಯೋಚನೆ ಅಲ್ಲೇ ತುಂಡಾಗುತ್ತೆ, ಇಂಗ್ಲಿಷ್ ಪದ ಆಮೇಲೆ ಎರಡು ದಿನದಲ್ಲಿ ಕಲೀಬಹುದು.

3. ಮೂರು ಮಾತು: ನಿಂಗೇನನ್ಸುತ್ತೆ? ನೋಡೋಣ. ಏನಾಯ್ತು?

ಇಡೀ ಲೇಖನದಲ್ಲಿ ಒಂದೇ ನೆನಪಿಟ್ಕೊಳ್ತೀನಿ ಅನ್ನೋರು ಇದನ್ನ ಇಟ್ಕೊಳ್ಳಿ. ಒಂದು ಅಗಲವಾದ ಟಬ್ಬಲ್ಲಿ ನೀರು ತುಂಬ್ಸಿ ಅಂಗಳದಲ್ಲಿಡಿ. ಪಕ್ಕದಲ್ಲಿ ನಿಂಬೆಹಣ್ಣು, ಆಲೂಗಡ್ಡೆ, ತೆಂಗಿನ ಚಿಪ್ಪು, ಸ್ಟೀಲ್ ಸ್ಪೂನು, ಸ್ಟೀಲ್ ಬಟ್ಲು, ಕಲ್ಲು, ಒಣಗಿದ ಎಲೆ, ಒಂದು ಕಿತ್ತಳೆ. ಒಂದೊಂದನ್ನೇ ಮಗು ಕೈಗೆ ಕೊಟ್ಟು ಇದು ಮುಳುಗುತ್ತಾ ತೇಲುತ್ತಾ ನಿಂಗೇನನ್ಸುತ್ತೆ ಅಂತ ಕೇಳಿ. ಏನೇ ಹೇಳಿದ್ರೂ ಸರಿ, ತಪ್ಪು ಅನ್ಬೇಡಿ, ಮುಖದಲ್ಲೂ ತೋರಿಸ್ಬೇಡಿ. "ಸರಿ ನೋಡೋಣ, ಬಿಡು." ಬಿಟ್ಮೇಲೆ "ಏನಾಯ್ತು?" ಅಷ್ಟೇ. ಯಾಕೆ ಅಂತ ಮೊದಲನೇ ದಿನನೇ ಕೇಳ್ಬೇಡಿ, ಯಾಕೆ ಅನ್ನೋದು ಮಗು ಬಾಯಿಂದ್ಲೇ ಬರುತ್ತೆ ಕಾದು ನೋಡಿ.

ಸ್ಟೀಲ್ ಸ್ಪೂನ್ ಮುಳುಗುತ್ತೆ, ಅದೇ ಸ್ಟೀಲ್ ಬಟ್ಲು ತೇಲುತ್ತೆ. ಅಲ್ಲಿ ಮಗು ಮುಖ ನೋಡ್ಬೇಕು ನೀವು. ಕಿತ್ತಳೆ ಸಿಪ್ಪೆ ಸಮೇತ ಹಾಕಿದ್ರೆ ತೇಲುತ್ತೆ, ಸಿಪ್ಪೆ ಸುಲಿದು ಹಾಕಿದ್ರೆ ಸಾಮಾನ್ಯವಾಗಿ ಮುಳುಗುತ್ತೆ, ಯಾಕಂದ್ರೆ ಸಿಪ್ಪೇಲಿ ಗಾಳಿ ತುಂಬ್ಕೊಂಡಿರುತ್ತೆ, ಈಜು ಕಲಿಯೋರು ಬೆನ್ನಿಗೆ ಸೋರೆ ಬುರುಡೆ ಕಟ್ಕೊಳ್ತಿದ್ರಲ್ಲ ಹಂಗೆ. ಆಲೂಗಡ್ಡೆ ನೀರಲ್ಲಿ ಮುಳುಗುತ್ತೆ. ಈಗ ಒಂದು ಲೀಟರ್ ನೀರಿಗೆ ಸ್ಪೂನ್ ಸ್ಪೂನ್ ಆಗಿ ಉಪ್ಪು ಹಾಕಿ ಕರಗಿಸ್ತಾ ಹೋಗಿ, ನೂರು ನೂರೈವತ್ತು ಗ್ರಾಂ ಆಗೋ ಹೊತ್ತಿಗೆ ಗಡ್ಡೆ ಮೆಲ್ಲಗೆ ಮೇಲೆ ಬರುತ್ತೆ. ಒಟ್ಟಿಗೇ ಸುರೀಬೇಡಿ, ಒಂದೊಂದು ಸ್ಪೂನಿಗೂ "ಈಗ?" ಅಂತ ಕಾಯೋದ್ರಲ್ಲೇ ಎಲ್ಲಾ ಇರೋದು. ಬಿತ್ತನೆ ಭತ್ತನ ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯೋದು, ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್‌ಗೆ ಹಾಕೋ ಮುಂಚೆ ಕಾಫಿ ಹಣ್ಣನ್ನ ನೀರಿಗೆ ಬಿಟ್ಟು ತೇಲಿದ ಜೊಳ್ಳನ್ನ ಬೇರೆ ಮಾಡೋದು, ಎಲ್ಲಾ ಇದೇ ಆಟ. ಅಜ್ಜ ಮಾಡೋ ಕೆಲ್ಸ, ಟಬ್ಬಿನ ಆಟ, ಎಂಟನೇ ಕ್ಲಾಸ್ ಬುಕ್ಕು ಮೂರೂ ಒಂದೇ ಅಂತ ಮಗುಗೆ ಐದು ವರ್ಷಕ್ಕೇ ಗೊತ್ತಾಗ್ಬಿಟ್ರೆ "ಇದು ಹೊಲದ್ದು ಮಿಸ್" ಅನ್ನೋ ಮಾತು ಬರೋದೇ ಇಲ್ಲ.

ಒಂದು ಎಚ್ಚರ ಮಾತ್ರ ಇರ್ಲಿ. ನೀರಿನ ಟಬ್ ಹತ್ರ ಮಗುನ ಒಂದು ನಿಮಿಷನೂ ಒಂಟಿಯಾಗಿ ಬಿಡ್ಬೇಡಿ, ಆಟ ಮುಗಿದ ತಕ್ಷಣ ನೀರು ಗಿಡಕ್ಕೆ ಹಾಕಿ (ಉಪ್ಪು ನೀರಾದ್ರೆ ಗಿಡಕ್ಕೆ ಬೇಡ, ಮೋರಿಗೆ). ಮೂರು ವರ್ಷಕ್ಕಿಂತ ಚಿಕ್ಕೋರಿದ್ರೆ ಹುಣಸೆಬೀಜ ಬಟಾಣಿ ದೂರ ಇಡಿ, ಮೂಗಿಗೆ ತುರುಕ್ಕೊಳ್ತವೆ.

ಇನ್ನೊಂದು. ಅಗಲ ಲೋಟದ ನೀರನ್ನ ಉದ್ದ ಲೋಟಕ್ಕೆ ಹಾಕಿ ತೋರಿಸಿದ್ರೆ ನಾಲ್ಕೈದು ವರ್ಷದ ಮಗು "ಈಗ ಜಾಸ್ತಿ ಆಯ್ತು" ಅನ್ನುತ್ತೆ. ಪಿಯಾಜೆ ಅನ್ನೋ ಸ್ವಿಸ್ ವಿಜ್ಞಾನಿ ಇದನ್ನ ಎಷ್ಟೋ ಮಕ್ಕಳ ಹತ್ರ ಮಾಡಿ ನೋಡಿದ್ರು, ಏಳು ವರ್ಷದ ಆಸುಪಾಸಿಗೆ ತಾನೇ ಸರಿಹೋಗುತ್ತೆ. ದಯವಿಟ್ಟು ನಗ್ಬೇಡಿ, ನೆಂಟರ ಮುಂದೆ ಮತ್ತೆ ಮಾಡಿಸಿ ನಗಿಸ್ಬೇಡಿ. ಸುರಿಯೋಕೆ ಬಿಡಿ, ಹಿಂದಕ್ಕೆ ಮುಂದಕ್ಕೆ ನೂರು ಸಲ ಸುರೀಲಿ.

4. ಪ್ರಶ್ನೆನ ಕ್ಯಾಲೆಂಡರ್ ಮೇಲೆ ಬರೀರಿ

ನಾನು ಎರಡನೇ ಕ್ಲಾಸಲ್ಲಿದ್ದೆ. ಅರಸೀಕೆರೆಯಿಂದ ಹಾಸನಕ್ಕೆ ರಾತ್ರಿ ಬಸ್ಸಲ್ಲಿ ಬರುವಾಗ ಚಂದ್ರ ನಮ್ ಜೊತೇನೇ ಬರ್ತಾ ಇದ್ದ. ಮಾರನೇ ದಿನ ಸ್ಕೂಲಲ್ಲಿ ಯಾಕೆ ಅಂತ ಕೇಳ್ದೆ. "ಅಧಿಕಪ್ರಸಂಗ ಮಾಡ್ಬೇಡ, ಕೂತ್ಕೋ" ಅಂದ್ರು. ಕೂತೆ. ಆಮೇಲೆ ಏಳನೇ ಕ್ಲಾಸ್ ತನಕ ನಾನು ಕೈ ಎತ್ತಿ ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ, ಅದು ಈಗಲೂ ನೋವಾಗುತ್ತೆ. ಉತ್ತರ ಏನು ದೊಡ್ಡದಲ್ಲ, ರಸ್ತೆ ಪಕ್ಕದ ಮರ ಹತ್ರ ಇರುತ್ತೆ, ನಾವು ಮುಂದೆ ಹೋದ ಹಂಗೆ ಹಿಂದೆ ಬೀಳುತ್ತೆ, ಚಂದ್ರ ಇರೋದು ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರ, ನಾವು 40 ಕಿಲೋಮೀಟರ್ ಹೋದ್ರೂ ಅವನು ಕಾಣೋ ದಿಕ್ಕು ಅದರಿಂದ ಬದಲಾಗೋದು ಕಣ್ಣಿಗೆ ಗೊತ್ತೇ ಆಗಲ್ಲ. ಇಷ್ಟು ಹೇಳಿದ್ರೆ ಸಾಕಿತ್ತು, ಅಥವಾ ಗೊತ್ತಿಲ್ಲ ಕಣಮ್ಮ ನೋಡೋಣ ಅಂದಿದ್ರೂ ಸಾಕಿತ್ತು.

ಹಂಗಾಗಿ ಮನೇಲಿ ಹೀಗೆ ಮಾಡಿ. ಗೋಡೆ ಮೇಲೆ ಕ್ಯಾಲೆಂಡರ್ ಇದ್ದೇ ಇರುತ್ತಲ್ಲ, ಹಾಲಿನ ಲೆಕ್ಕ ಗ್ಯಾಸ್ ಲೆಕ್ಕ ಬರೆಯೋ ಜಾಗದಲ್ಲೇ ಮಗು ಕೇಳಿದ ಪ್ರಶ್ನೆನ ಅವತ್ತಿನ ತಾರೀಖಿನ ಹತ್ರ ಬರೀರಿ, ಮಗು ಎದುರಿಗೇ ಬರೀರಿ. ಇರುವೆಗೆ ನಿದ್ದೆ ಬರುತ್ತಾ, ಬೆಂಕಿಗೆ ನೆರಳಿದ್ಯಾ, ಮುದ್ದೆ ಗಟ್ಟಿ ಅಂಬಲಿ ತೆಳ್ಳಗೆ ಯಾಕೆ ಎರಡೂ ರಾಗಿನೇ ಅಲ್ವಾ. ಅಪ್ಪ ಅಮ್ಮ ನನ್ನ ಮಾತನ್ನ ಹಾಲಿನ ಲೆಕ್ಕದಷ್ಟೇ ಮುಖ್ಯ ಅಂತ ಬರ್ಕೊಂಡ್ರು ಅನ್ನೋದು ಮಗುಗೆ ತಿಳಿಯುತ್ತೆ, ಓದೋಕೆ ಬರ್ದೆ ಇದ್ರೂ ತಿಳಿಯುತ್ತೆ. ಭಾನುವಾರ ಅದರಲ್ಲಿ ಒಂದನ್ನ ಆರಿಸ್ಕೊಂಡು ಮಾಡಿ ನೋಡಿ. ಫೋನಲ್ಲಿ ಹುಡುಕೋದು ಕೊನೇಗೆ, ಮೊದ್ಲು ಕಣ್ಣು ಕೈ. ಎಲ್ಲದಕ್ಕೂ ಉತ್ತರ ಸಿಗಲ್ಲ, ಸಿಗ್ದೇ ಇರೋದು ಗೋಡೆ ಮೇಲೆ ಇರ್ಲಿ.

5. ಬುದ್ಧಿವಂತ ಅನ್ನೋ ಪದ ಕಮ್ಮಿ ಮಾಡಿ

ಇದು ಕಷ್ಟ, ನಮ್ಗೆಲ್ಲಾ ಬಾಯಿಗೆ ಬಂದ್ಬಿಟ್ಟಿದೆ. ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1998ರಲ್ಲಿ ಐದನೇ ಕ್ಲಾಸ್ ಮಕ್ಕಳ ಹತ್ರ ನೋಡಿದ್ರು. ನೀನು ಜಾಣ ಅಂತ ಹೊಗಳಿಸ್ಕೊಂಡ ಮಕ್ಕಳು ಮುಂದೆ ಕಷ್ಟದ ಲೆಕ್ಕ ಬಂದಾಗ ಬೇಗ ಕೈಬಿಟ್ರು, ಚೆನ್ನಾಗಿ ಪ್ರಯತ್ನ ಪಟ್ಟೆ ಅಂತ ಕೇಳಿಸ್ಕೊಂಡೋರು ಮುಂದುವರಿಸಿದ್ರು. ಯಾಕಂದ್ರೆ ಜಾಣ ಅನ್ನಿಸ್ಕೊಂಡ ಮಗುಗೆ ತಪ್ಪಾದ್ರೆ ಆ ಹೆಸರೇ ಹೋಗುತ್ತಲ್ಲ ಅನ್ನೋ ಭಯ. ಅದಕ್ಕೆ ಮಾಡಿದ್ದನ್ನೇ ಹೇಳಿ, "ಎರಡು ಸಲ ಬಿದ್ರೂ ಅಡಿಗೆ ಅಗಲ ಕಲ್ಲಿಟ್ಟು ಮತ್ತೆ ಕಟ್ಟಿದ್ಯಲ್ಲ" ಅನ್ನಿ, ಸಾಕು.

ಹೆಣ್ಣುಮಕ್ಕಳ ವಿಷ್ಯದಲ್ಲಿ ಇದು ಇನ್ನೂ ಮುಖ್ಯ. 2017ರಲ್ಲಿ ಬಂದ ಒಂದು ಅಧ್ಯಯನ ಓದಿ ನನಗೆ ಅವತ್ತು ನಿದ್ದೆ ಬರ್ಲಿಲ್ಲ. ಐದು ವರ್ಷದಲ್ಲಿ ಹುಡುಗೀರೂ ಹುಡುಗ್ರೂ ತುಂಬಾ ಬುದ್ಧಿವಂತರು ಯಾರು ಅಂದ್ರೆ ಅವರವರ ಗುಂಪನ್ನೇ ತೋರಿಸ್ತಾರೆ, ಆರು ವರ್ಷ ಆಗೋ ಹೊತ್ತಿಗೆ ಹುಡುಗೀರು ಹಂಗೆ ತೋರಿಸೋದು ಕಮ್ಮಿ ಆಗ್ಬಿಡುತ್ತೆ, ತುಂಬಾ ಬುದ್ಧಿವಂತರಿಗೆ ಅಂತ ಹೇಳಿದ ಆಟದಿಂದ ದೂರ ಸರೀತಾರೆ. ಅಮೆರಿಕದ ಮಕ್ಕಳು ಅವರು, ಆದ್ರೆ ನನ್ನ ಕ್ಲಾಸ್ ನೋಡಿದ್ರೆ ನಮ್ಮೂರಲ್ಲೇ ನೋಡಿ ಬರೆದ ಹಾಗಿದೆ. 2019ರಲ್ಲಿ ಇನ್ನೊಂದು ಬಂತು, 4ರಿಂದ 9 ವರ್ಷದ ಮಕ್ಕಳಿಗೆ "ಬನ್ನಿ ವಿಜ್ಞಾನಿ ಆಗೋಣ" ಅನ್ನೋದಕ್ಕಿಂತ "ಬನ್ನಿ ವಿಜ್ಞಾನ ಮಾಡೋಣ" ಅಂತ ಹೇಳಿದಾಗ ಹುಡುಗೀರು ಆಟನ ಹೆಚ್ಚು ಹೊತ್ತು ಬಿಡ್ದೇ ಆಡಿದ್ರು. ಒಂದು ಪದದ ವ್ಯತ್ಯಾಸ ಅಷ್ಟೇ. ಬಲ್ಬ್ ಬದಲಾಯಿಸೋಕೆ, ಪಂಪ್ ಬಿಚ್ಚಿ ನೋಡೋಕೆ, ಸೈಕಲ್ ಚೈನ್ ಹಾಕೋಕೆ ಮಗನನ್ನ ಕರೆದಾಗೆಲ್ಲಾ ಮಗಳನ್ನೂ ಕರೀರಿ, ಟಾರ್ಚ್ ಹಿಡ್ಕೊ ಅಂತ ಅಲ್ಲ, ಸ್ಪ್ಯಾನರ್ ಕೈಗೆ ಕೊಡಿ.

ಜೊತೆಗೆ ಒಂದು ಮಾತು ಮನೇಲಿ ಯಾರೂ ಆಡ್ಬಾರ್ದು: "ನಂಗೂ ಲೆಕ್ಕ ಬರ್ತಿರ್ಲಿಲ್ಲ, ನಮ್ ವಂಶದಲ್ಲೇ ಇಲ್ಲ." ಲೆಕ್ಕ ಅಂದ್ರೆ ಹೆದರೋ ಅಪ್ಪ ಅಮ್ಮ ಆಗಾಗ ಹೋಮ್‌ವರ್ಕ್ ಮಾಡಿಸಿದ್ರೆ ಒಂದನೇ ಎರಡನೇ ಕ್ಲಾಸ್ ಮಕ್ಕಳು ಆ ವರ್ಷ ಲೆಕ್ಕನೂ ಕಮ್ಮಿ ಕಲೀತಾರೆ, ಹೆದರಿಕೆನೂ ಜಾಸ್ತಿ ಆಗುತ್ತೆ ಅಂತ 2015ರಲ್ಲಿ ತೋರಿಸಿದಾರೆ. ಅಂಥೋರು ಹೋಮ್‌ವರ್ಕ್ ಬಿಟ್ಟು ಅಳಗುಳಿಮಣೆ ತೆಗೆದು ಕೂತ್ಕೊಳ್ಳಿ, ಚೌಕಾಬಾರ ಆಡಿ. ಅಕ್ಕಿ ಡಬ್ಬದ ಹತ್ರ ಕೂರಿಸಿ ಎಷ್ಟು ಪಾವು ಹಾಕಿದ್ರೆ ಸೇರು ತುಂಬುತ್ತೆ ನೋಡು ಅನ್ನಿ.

6. ನಮ್ಮ ಸೀಮೆ ವರ್ಷಪೂರ್ತಿ ಪಾಠ ಮಾಡುತ್ತೆ

ಕಿಟ್ ಏನೂ ಕೊಂಡ್ಕೊಳ್ಳೋದು ಬೇಡ. ಮಾರ್ಚ್ ಏಪ್ರಿಲಲ್ಲಿ ಹೂಮಳೆ ಬಿದ್ಮೇಲೆ ಕಾಫಿ ಹೂ ಬಿಡೋಕೆ ಎಷ್ಟು ದಿನ ಬೇಕು ಅಂತ ಕ್ಯಾಲೆಂಡರಲ್ಲಿ ದಿನ ಎಣಿಸಿ. ಸಕಲೇಶಪುರ ಮೂಡಿಗೆರೆ ಕಡೆ ತೋಟದೋರು ಮಳೆನ ಇಂಚು ಸೆಂಟಲ್ಲಿ ಬರೆದಿಡ್ತಾರೆ, 100 ಸೆಂಟ್ ಅಂದ್ರೆ ಒಂದಿಂಚು. ನೀವೂ ಒಂದು ನೇರ ಗೋಡೆ ಇರೋ ಡಬ್ಬ ಬಯಲಲ್ಲಿಟ್ಟು ಬೆಳಿಗ್ಗೆ ಸ್ಕೇಲ್ ಇಟ್ಟು ಅಳೆಯೋಕೆ ಹೇಳಿ, ಅರಸೀಕೆರೇಲಿ ಅಜ್ಜಿ ಮನೆ ಇದ್ರೆ ಅಲ್ಲೂ ಅಂಥದ್ದೇ ಡಬ್ಬ ಇಡಿಸಿ ಫೋನ್ ಮಾಡಿ ಕೇಳಿ, ಒಂದೇ ಜಿಲ್ಲೇಲಿ ಮಳೆ ಎಷ್ಟು ಬೇರೆ ಬೇರೆ ಅಂತ ಏಳು ವರ್ಷದ ಮಗು ತಾನೇ ಹೇಳುತ್ತೆ.

ಹೆಸರುಕಾಳು ಮೂರು ಬಟ್ಲಲ್ಲಿಡಿ, ಒಂದಕ್ಕೆ ನೀರು ಬೆಳಕು ಎರಡೂ, ಒಂದಕ್ಕೆ ನೀರು ಇದೆ ಆದ್ರೆ ಕತ್ತಲೆ ಡಬ್ಬದೊಳಗೆ, ಒಂದು ಒಣಗಿದ್ದು. ಕತ್ತಲೇದು ಮೊಳೆಯಲ್ಲ ಅಂತ ದೊಡ್ಡೋರೇ ಅನ್ಕೊಳ್ತಾರೆ. ಮೊಳೆಯುತ್ತೆ, ಬೆಳಕಿಗಿಂತ ಉದ್ದ ಬೇರೆ ಆಗುತ್ತೆ, ಬಿಳಿಚಿಕೊಂಡು.

ಮಹಡಿ ಮೇಲೆ ಕರ್ಕೊಂಡು ಹೋಗಿ ಬೀದಿ ಡಿಶ್‌ಗಳನ್ನ ನೋಡೋಕೆ ಹೇಳಿ. ಒಂದೇ ಕಂಪನಿ ಡಿಶ್ ಎಲ್ಲಾ ಒಂದೇ ಕಡೆ ಮುಖ ಮಾಡಿರ್ತವೆ ಯಾಕೆ? ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇರುತ್ತೆ, ಭೂಮಿ ತಿರುಗೋ ಲೆಕ್ಕಕ್ಕೇ ಅದೂ ಸುತ್ತೋದ್ರಿಂದ ನಮ್ಗೆ ಒಂದೇ ಕಡೆ ನಿಂತ ಹಾಗೆ. ಅಂಥ ಉಪಗ್ರಹಗಳನ್ನ ನೋಡ್ಕೊಳ್ಳೋ ಇಸ್ರೋದ ಎಂಸಿಎಫ್ ಅನ್ನೋ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಅಲ್ಲಿ ಹೆಂಗಸರೂ ಕೆಲ್ಸ ಮಾಡ್ತಾರೆ ಅಂತ ಮಗಳಿಗೆ ಹೇಳೋದು ಮರೀಬೇಡಿ.

7. ಮಗು ಈಗಾಗ್ಲೇ ದೊಡ್ಡದಾಗಿದ್ರೆ

"ನಮ್ದು ಆಗ್ಲೇ ಆರನೇ ಕ್ಲಾಸ್ ಮಿಸ್, ತಡ ಆಯ್ತಲ್ಲ" ಅಂತ ಕಣ್ಣಲ್ಲಿ ನೀರು ಹಾಕ್ಕೊಳ್ಳೋ ತಾಯಂದಿರನ್ನ ನೋಡಿದೀನಿ. ತಡ ಆಗಿಲ್ಲ. ಚಿಕ್ಕಂದಿನಲ್ಲಿ ಆದ್ರೆ ಸಲೀಸು, ಆಮೇಲೆ ಆದ್ರೆ ಸ್ವಲ್ಪ ಸುತ್ತು ಬಳಸಿ ಹೋಗ್ಬೇಕು ಅಷ್ಟೇ. ಆ ವಯಸ್ಸಿನ ಮಕ್ಕಳಿಗೆ ಟಬ್ ಆಟ ಕೊಟ್ರೆ ನಾಚ್ಕೊಳ್ತಾರೆ, ಅದಕ್ಕೆ ಚಿಕ್ಕ ಮಕ್ಕಳಿಗೆ ಆಡಿಸೋ ಜವಾಬ್ದಾರಿ ಕೊಡಿ. ಪಕ್ಕದ ಮನೆ ಯುಕೆಜಿ ಮಗು ಆದ್ರೂ ಸಾಕು. ಕಲಿಸೋಕೆ ಹೋದಾಗ ತಾನೂ ಮೊದಲಿಂದ ನೋಡ್ಬೇಕಾಗುತ್ತೆ, ಅಲ್ಲಿ ಮಾರ್ಕ್ಸ್ ಹಾಕೋರು ಯಾರೂ ಇರಲ್ಲ.

ನಾವು ಶನಿವಾರ ಬೆಳಿಗ್ಗೆ ಎಂಟನೇ ಕ್ಲಾಸಿನ ನಾಲ್ಕೈದು ಮಕ್ಕಳನ್ನ ಅಂಗನವಾಡಿಗೆ ಕಳ್ಸೋಕೆ ಶುರು ಮಾಡಿದ್ವಿ, ಅಂಗನವಾಡಿ ಟೀಚರೂ ಖುಷಿಯಿಂದ ಒಪ್ಕೊಂಡ್ರು. ಆ ಹುಡುಗಿ ಮನೆಯಿಂದ ಆಲೂಗಡ್ಡೆ ತಂದಿದ್ಲು. ಸ್ಪೂನ್ ಸ್ಪೂನ್ ಉಪ್ಪು ಹಾಕಿ ಗಡ್ಡೆ ತೇಲಿಸಿದ್ಲು, ಮಕ್ಕಳೆಲ್ಲಾ ಚಪ್ಪಾಳೆ. ಒಂದು ಪುಟ್ಟ ಹುಡುಗ ಮಾತ್ರ ಟಬ್ಬೊಳಗೇ ಬಗ್ಗಿ ನೋಡ್ತಾ "ಅಕ್ಕ, ಉಪ್ಪು ಎಲ್ಲೋಯ್ತು?" ಅಂದ. ಅವಳು ನನ್ನ ಕಡೆ ತಿರುಗಿ ನೋಡಿದ್ಲು, ನಾನು ಸುಮ್ನಿದ್ದೆ. ಆಮೇಲೆ "ತಾಳು ಪುಟ್ಟ ನೋಡೋಣ" ಅಂತ ಒಂದು ತಟ್ಟೇಗೆ ಆ ನೀರು ಸ್ವಲ್ಪ ಬಗ್ಗಿಸಿ, ಬಿಸಿಲು ಬೀಳೋ ಕಿಟಕೀಲಿ ಇಟ್ಟು, ಸೋಮವಾರ ಮಧ್ಯಾಹ್ನ ಊಟದ ಬೆಲ್ ಆದ ತಕ್ಷಣ ಅಂಗನವಾಡಿಗೆ ಓಡಿದ್ಲು.